ದರ್ಜಿ ತಂದನೆಂಬ ಜ್ವರ

‘2009ರಲ್ಲಿ ಹಂದಿಜ್ವರವನ್ನು ನಮ್ಮ ಕಡೆಗೆ ತಂದವನು ಪುಣೆಗೆ ಹೋಗಿ ಬಂದ ಬಾಳಗಡಿಯ ದರ್ಜಿ’ ಎಂದು ಜನ ಇಂದಿಗೂ ಹೇಳುತ್ತಾರೆ. ನಾನು ಇದನ್ನು ಒಪ್ಪಿದವನಲ್ಲ.

ಹೊಸ ವೈರಸ್ ಹರಡುವ ಬಗೆಯನ್ನು ಗಣಿತದಲ್ಲಿ ಹಿಡಿಯಬಹುದೆಂದು ಗ್ರಂಥಾಲಯದ ಪುಸ್ತಕವೊಂದರಿಂದ ಸ್ವತಃ ಕಲಿತಿದ್ದೆ. ಒಬ್ಬ ರೋಗಿ ಸರಾಸರಿ ಎಷ್ಟು ಜನರಿಗೆ ಅಂಟಿಸುತ್ತಾನೆ, ಅವರು ಹಾಸಿಗೆ ಹಿಡಿಯಲು ಎಷ್ಟು ದಿನ ಬೇಕು ಎಂಬುದು ತಿಳಿದರೆ ಅಂದಾಜು ಸಿಗುತ್ತದೆ. ದರ್ಜಿಯೇ ಮೊದಲಿಗನಾಗಿದ್ದರೆ ಜ್ವರ ಬಾಳಗಡಿಯಲ್ಲಿ ಕಾಣಿಸಿಕೊಂಡು, ಆಮೇಲೆ ನಿಧಾನವಾಗಿ ಶೃಂಗೇರಿ, ನರಸಿಂಹರಾಜಪುರಗಳನ್ನು ಮುಟ್ಟಬೇಕಿತ್ತು. ಆದರೆ ಆತ ಬಂದ ವಾರವೇ ಮೂರೂ ಕಡೆ ಜನ ಮಲಗಿದ್ದರು. ಲೆಕ್ಕವನ್ನು ಹೇಗೆ ತಿರುಗಿಸಿದರೂ ಒಬ್ಬನಿಂದ ಅದು ಸಾಧ್ಯವಿರಲಿಲ್ಲ. ಜ್ವರ ಹಲವು ದಾರಿಗಳಲ್ಲಿ, ಆತನಿಗಿಂತ ಮೊದಲೇ ಬಂದಿರಬೇಕು.

ಅಷ್ಟರಲ್ಲಿ ಗಿರಾಕಿಗಳು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸು ಒಯ್ದಿದ್ದರು. ನಾನು ಅಂಗಡಿಗೆ ಹೋಗಿ ಲೆಕ್ಕವನ್ನು ವಿವರಿಸಿದೆ. ಆತ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚುತ್ತಾ ನಕ್ಕ.

“ನಿಮ್ಮ ಲೆಕ್ಕ ಸರಿ ಇರ್ಬಹುದು ಮಾರಾಯ್ರೆ. ಆದ್ರೆ ಲೆಕ್ಕ ಬಂದು ಅಂಗಿ ಹೊಲಿಸ್ಕೊಳ್ತದಾ?”

“ಜನಕ್ಕೆ ನಾನು ಹೇಳ್ತೀನಿ.”

“ಹೇಳಿ. ನಿಮ್ಮನ್ನೂ ದೂರ ನಿಲ್ಲಿಸ್ತಾರೆ, ಅಷ್ಟೇ.”

ಹೇಳಿದೆ, ಯಾರೂ ಕಿವಿಗೊಡಲಿಲ್ಲ. ಆ ವರ್ಷವೇ ಆತ ಅಂಗಡಿ ಮುಚ್ಚಿ ಊರು ಬಿಟ್ಟ. ಎಲ್ಲಿಗೆ ಹೋದನೆಂದು ನನಗೆ ತಿಳಿಯದು.

ಗಣಿತವನ್ನು ನಂಬದವರು ಶೆಟ್ಟಿಕೊಪ್ಪಕ್ಕೆ ಹೋಗಲಿ. ದರ್ಜಿ ಪುಣೆಯಿಂದ ಹೊರಡುವ ಮೊದಲೇ ಜ್ವರ ಬಂದು ಮಲಗಿ, ಪರೀಕ್ಷೆಯಲ್ಲಿ ಹಂದಿಜ್ವರವೆಂದು ಗೊತ್ತಾಗಿ, ಬದುಕುಳಿದ ನಿವೃತ್ತ ಶಿಕ್ಷಕಿಯೊಬ್ಬರು ಅಲ್ಲಿದ್ದಾರೆ. ಕೇಳಿದರೆ ಎಲ್ಲವನ್ನೂ ಹೇಳುತ್ತಾರೆ. ಇಲ್ಲಿಯವರೆಗೆ ಕೇಳಲು ಹೋದವನು ನಾನೊಬ್ಬನೇ.