ಒಂದೇ ಕೆರೆಯ ನೀರು

ಅಣ್ಣನಿಗೂ ನನಗೂ ತೋಟ ಬೇರೆಯಾದರೂ ಕೆರೆ ಒಂದೇ. ಪಾಲು ಮಾಡುವಾಗ ಕಾಫಿ ಗಿಡಗಳನ್ನು ಹಂಚಬಹುದು, ನೀರನ್ನು ಹೇಗೆ ಹಂಚುತ್ತೀರಿ? ನಮ್ಮ ರೊಬಸ್ಟಾ ಕಾಫಿ ಅರಳಲು ಬೇಸಿಗೆಯಲ್ಲಿ ಹೂಮಳೆ ಬೀಳಬೇಕು. ಬೀಳದಿದ್ದರೆ ಕೆರೆಗೆ ಮೋಟಾರು ಇಟ್ಟು, ಸ್ಪ್ರಿಂಕ್ಲರ್ ಹಾಕಿ ನಾವೇ ಮಳೆ ಸುರಿಸಬೇಕು. ಹೂ ಅರಳಿದರೆ ಮಾತ್ರ ಆ ವರ್ಷದ ಫಸಲು, ಇಲ್ಲದಿದ್ದರೆ ಬರೀ ಸೊಪ್ಪು.

ಹೋದ ವರ್ಷ ಮಾರ್ಚ್ ಬಂದರೂ ಮಳೆಯಿಲ್ಲ. ಸಿದ್ದಾಪುರದ ಕಡೆ ಚೆನ್ನಾಗಿ ಸುರಿಯಿತಂತೆ. ನಮ್ಮ ಪಾಲಿಗೆ ಗುಡುಗು ಮಾತ್ರ. ಕೆರೆಯಲ್ಲಿ ಒಬ್ಬರ ತೋಟಕ್ಕೆ ಸಾಲುವಷ್ಟೇ ನೀರಿತ್ತು.

"ಏನ್ ಮಾಡಾನ ಅಣ್ಣ?" ಎಂದೆ.

"ಅರ್ಧರ್ಧ ಹೊಡ್ಕಳಾನ ಕಣೋ. ನಾಳೆ ಒಬ್ರ ಮುಖ ಒಬ್ರು ನೋಡ್ಬೇಕಲ್ಲ."

ಕಾಫಿ ಗಿಡಕ್ಕೆ ಈ ನ್ಯಾಯವೆಲ್ಲ ತಿಳಿಯುವುದಿಲ್ಲ. ಅರೆನೀರು ಕುಡಿದ ಮೊಗ್ಗು ಪೂರ್ತಿ ಅರಳದೆ, ಕೆಂಪಗಾಗಿ, ರೆಂಬೆಯಲ್ಲೇ ಒಣಗಿತು. ಅವನ ತೋಟದಲ್ಲೂ ಅಷ್ಟೇ, ನನ್ನದರಲ್ಲೂ ಅಷ್ಟೇ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ನಮ್ಮದು ಜಗಳವೇ ಆಡದೆ ಆದ ನಷ್ಟ.

ಈ ವರ್ಷವೂ ಅದೇ ಆಕಾಶ, ಅದೇ ಕೆರೆ. ಮೋಡ ನೋಡಿ ನೋಡಿ ಕತ್ತು ನೋವು ಬಂತೇ ಹೊರತು ಹನಿ ಬೀಳಲಿಲ್ಲ. ಇಡೀ ನೀರು ತನಗೇ ಬೇಕೆಂದು ಅಣ್ಣ ಕೇಳಲೊಲ್ಲ, ನಾನೂ ಕೇಳಲಾರೆ. ಮೊಗ್ಗುಗಳು ಮಾತ್ರ ಬಲಿಯುತ್ತಲೇ ಇದ್ದವು. ಕಡೆಗೊಂದು ಬೆಳಿಗ್ಗೆ ನಾನೇ ಪೈಪು ಹೊತ್ತುಕೊಂಡು ಹೋಗಿ ಅವನ ತೋಟದಲ್ಲಿ ಜೋಡಿಸತೊಡಗಿದೆ. ದೊಡ್ಡತನವೇನಲ್ಲ. ಅವನದು ಕೆರೆಯ ಮಗ್ಗುಲಲ್ಲೇ ಇದೆ, ನನ್ನದು ದಿಬ್ಬದ ಮೇಲೆ. ಹಳೇ ಪೈಪು ದಾರಿಯುದ್ದಕ್ಕೂ ಸೋರುತ್ತದೆ. ಒಬ್ಬರು ಸೋಲಲೇಬೇಕಿತ್ತು. ಇಬ್ಬರೂ ಸೋತು ನೋಡಿಯಾಗಿತ್ತು.

ಅಣ್ಣ ಓಡಿ ಬಂದ. "ನಿನ್ ತೋಟದ ಗತಿ ಏನೋ?"

"ಮಳೆ ಬತ್ತೈತೆ ಬಿಡಣ್ಣ," ಎಂದೆ. ನನಗೇ ಆ ನಂಬಿಕೆ ಇರಲಿಲ್ಲ. ಅವನಿಗೂ ಇರಲಿಲ್ಲ. ಆದರೂ ಪೈಪಿನ ಇನ್ನೊಂದು ತುದಿ ಹಿಡಿದುಕೊಂಡ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಒಲೆಗೆ ಇನ್ನೊಂದು ಸೌದೆ ತಳ್ಳಿದಳು.

ವಾರ ಕಳೆದ ಮೇಲೆ ಅಣ್ಣನ ತೋಟ ಒಮ್ಮೆಲೇ ಬೆಳ್ಳಗಾಯಿತು. ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ಫೋಟೋ ಹೊಡೆದುಕೊಂಡರು. ನನ್ನ ದಿಬ್ಬದ ಮೇಲೆ ಮೊಗ್ಗುಗಳು ಮುಷ್ಟಿ ಬಿಚ್ಚದೆ ಹಾಗೇ ನಿಂತಿದ್ದವು. ಬೆಳಗಿನ ಗಾಳಿಗೆ ಹೂವಿನ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ನನಗೆ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಹೆಂಡತಿ ನನ್ನ ಮುಂದೆ ಕಾಫಿ ಲೋಟ ಇಟ್ಟಳು.

"ಚೆನ್ನಾಗಿ ಅರಳೈತೆ ಅವ್ರ್ದು," ಎಂದಳು.

ಆಮೇಲೆ ಹೋಗಿ ಕಿಟಕಿ ಮುಚ್ಚಿದಳು.