ಜಾಮೀನು ನಿಲ್ಲುವ ನಾಲಬಂದ

ಹುನಗುಂದದ ಕೋರ್ಟು ಕಚೇರಿಯ ಎದುರು ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬೇವಿನ ಗಿಡದ ಕೆಳಗೆ ಕಿಲಾರಿ ಎತ್ತೊಂದು ಕಾಲು ಕಟ್ಟಿಸಿಕೊಂಡು ಮಗ್ಗುಲಾಗಿ ಬಿದ್ದಿದೆ. ಅದರ ಕೊರಳ ಬಳಿ ಮೊಣಕಾಲೂರಿ ಕೂತ ಅಮಾತೆಪ್ಪ ಕಿವಿಯ ಬುಡ ಕೆರೆಯುತ್ತ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಾನೆ. ಗೊರಸಿನ ಹತ್ತಿರ ಕುಕ್ಕರಗಾಲಲ್ಲಿ ಕೂತವರು ನಾಲಬಂದ ಹುಸೇನಪೀರ. ತುಟಿಗಳ ನಡುವೆ ಮೊಳೆ ಕಚ್ಚಿಕೊಂಡಿದ್ದಾರೆ. ಒಂದೊಂದೇ ಮೊಳೆ ತೆಗೆದು, ಕಬ್ಬಿಣದ ನಾಲಿನ ತೂತಿಗಿಟ್ಟು, ಸುತ್ತಿಗೆಯಿಂದ ಹದವಾಗಿ ಬಡಿಯುತ್ತಾರೆ. ಎತ್ತು ದೊಡ್ಡದೊಂದು ಉಸಿರು ಬಿಟ್ಟು ಸುಮ್ಮನಾಗುತ್ತದೆ.

ಇಳಕಲ್ಲಿನಿಂದ ಅಮೀನಗಡದ ಕಡೆ ಹೊರಟ ಬಂಡಿಗಳು ಇಲ್ಲಿ ನಿಂತೇ ಮುಂದೆ ಹೋಗುತ್ತವೆ. ಮಧ್ಯಾಹ್ನದೊಳಗೆ ಏಳೆಂಟು ಎತ್ತುಗಳಾದರೂ ಹುಸೇನಪೀರರ ಕೈಯಲ್ಲಿ ಹಾದು ಹೋಗುತ್ತವೆ. ಸಂತೆಯ ದಿನ ಊಟಕ್ಕೂ ಪುರುಸೊತ್ತಿಲ್ಲ. ಎತ್ತಿನ ಒದೆ ತಿಂದು ಮುರಿದ ಅವರ ಎಡಗೈಯ ಎರಡು ಬೆರಳು ಸೊಟ್ಟಗೇ ಕೂಡಿಕೊಂಡಿವೆ. ನಾಲು ಬಡಿಯುವವರು ಈ ಸೀಮೆಯಲ್ಲಿ ಬೇರೆಯವರೂ ಇದ್ದಾರೆ. ಆದರೆ ಕೋರ್ಟಿನಲ್ಲಿ ಶಿಕ್ಷೆ ಹೇಳುವ ಹೊತ್ತಿಗೆ ಎದ್ದು ನಿಂತು, ಗುರುತು ಪರಿಚಯವಿಲ್ಲದ ಅಪರಾಧಿಗೆ ಜಾಮೀನಾಗುವವರು ಇವರೊಬ್ಬರೇ.

ಮೊದಲ ಸಲ ಹಾಗೆ ಎದ್ದದ್ದು 1906ರ ಬೇಸಿಗೆಯಲ್ಲಿ, ಇದೇ ಅಮಾತೆಪ್ಪನಿಗಾಗಿ. ಐಹೊಳೆಯ ಕೂಲಿಯಾಳು ಅಮಾತೆಪ್ಪ ಯಾರದೋ ಜೋಳದ ಬಂಡಿ ಹೊಡೆದುಕೊಂಡು ಹುನಗುಂದಕ್ಕೆ ಬಂದಿದ್ದ. ವ್ಯಾಪಾರಿಯೊಬ್ಬನ ಅಂಗಳದಲ್ಲಿದ್ದ ತಾಮ್ರದ ಕೊಡವನ್ನು ಬಂಡಿಯ ಹುಲ್ಲಿನೊಳಗೆ ತುರುಕಿದ. ಊರು ದಾಟುವ ಮೊದಲೇ ಸಿಕ್ಕಿಬಿದ್ದ. ಪೊಲೀಸರು ಕೊಡ ಹೊರತೆಗೆಯುವಾಗ ಪಂಚರಾಗಿ ನಿಂತವರಲ್ಲಿ ಹುಸೇನಪೀರರೂ ಒಬ್ಬರು.

ಕೋರ್ಟಿನಲ್ಲಿ ಅಮಾತೆಪ್ಪ ತಪ್ಪು ಒಪ್ಪಿಕೊಂಡ. ಯಾಕೆ ಕದ್ದೆ ಎಂದು ಕೇಳಿದ್ದಕ್ಕೆ, ಕಣ್ಣಿಗೆ ಬಿತ್ತು, ಕೈ ಹೋಯಿತು ಎಂದ. ಹಸಿವಿನ ಕಥೆ ಕಟ್ಟಲಿಲ್ಲ. ಊರಿಗೆಲ್ಲ ಪಾಠವಾಗುವಂತೆ ಕಠಿಣ ಸಜೆ ಆಗಬೇಕೆಂದು ವ್ಯಾಪಾರಿ ಪಟ್ಟು ಹಿಡಿದ. ಮ್ಯಾಜಿಸ್ಟ್ರೇಟ್ ಪ್ರಾಣೇಶರಾಯರು ಅವಸರ ಮಾಡಲಿಲ್ಲ. ಹಿಂದೆ ಶಿಕ್ಷೆಯಾಗಿದೆಯೇ ಎಂದು ಪೊಲೀಸರನ್ನು ಕೇಳಿದರು; ಆಗಿರಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದರು. ಮುದಿ ತಾಯಿ ಮಾತ್ರ. ಕೊಡ ಒಡೆಯನ ಕೈ ಸೇರಿತ್ತು. ಜೈಲಿಗೆ ಕಳಿಸಿದರೆ ಈತ ನುರಿತ ಕಳ್ಳರ ನಡುವೆ ಮಲಗಿ ಎದ್ದು ಬರುತ್ತಾನೆ ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. ಮೊದಲ ತಪ್ಪಿನವನಿಗೆ ಕೂಡಲೇ ಶಿಕ್ಷೆ ಹೇಳದೆ, ಒಂದು ವರ್ಷ ನೆಟ್ಟಗಿರುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಡಲು ಕಾಯಿದೆಯಲ್ಲಿ ದಾರಿಯಿತ್ತು. ಆದರೆ ಯಾರಾದರೂ ಹೊಣೆ ಹೊರಬೇಕು. ಯಾರಿದ್ದೀರಿ ಎಂದು ರಾಯರು ಕೇಳಿದರು. ಐಹೊಳೆಯಿಂದ ಒಬ್ಬರೂ ಬಂದಿರಲಿಲ್ಲ.

ಆಗ ಹುಸೇನಪೀರ ಎದ್ದರು. ಈತ ನಿನಗೆ ಗೊತ್ತೇನು ಎಂದು ರಾಯರು ಕೇಳಿದರು.

“ಇಲ್ರಿ ಸಾಹೇಬ್ರ. ಅವತ್ತು ಪೊಲೀಸ್ರು ಹುಲ್ಲ ಎಳಿಯೂ ಮುಂದ ಎತ್ತು ಬೆದರಿದ್ವು. ಇಂವಾ ಕೈಗೆ ಹಗ್ಗ ಬಿಗಿದಿದ್ರೂ ಹೆಗಲ ಕೊಟ್ಟು ಅವನ್ನ ಸಮಾಧಾನ ಮಾಡಿದ. ಅಷ್ಟ ಕಂಡೇನಿ. ಮನಿ ನನ್ನ ಹೆಸರಿಲೆ ಐತಿ, ಜಾಮೀನು ನಿಲ್ಲತೇನಿ.”

ಆ ದಿನ ಮನೆಯಲ್ಲಿ ಹೆಂಡತಿ ಅಲೀಮಾ ಒಲೆ ಹಚ್ಚಲಿಲ್ಲ. ಕಂಡವರ ಸಲುವಾಗಿ ಮನೆಯನ್ನೇ ಒತ್ತೆ ಇಟ್ಟು ಬಂದಿರಲ್ಲ ಎಂಬ ಸಿಟ್ಟು ಆಕೆಗೆ. ಯಾಕೆ ಎದ್ದು ನಿಂತಿರಿ ಎಂದು ಈ ಬರಹಕ್ಕಾಗಿ ಕೇಳಿದರೆ ಹುಸೇನಪೀರ, “ದಯಾ ಗಿಯಾ ಅಂತ ಬರೀಬ್ಯಾಡ್ರಿ. ನನ್ನ ಆಳು ಸೊಲ್ಲಾಪುರದ ಗಿರಣಿಗೆ ಹೋಗಿದ್ದ. ಎತ್ತ ಹಿಡಿಯಾಕ ನನಗೊಬ್ಬ ಮನಷ್ಯಾ ಬೇಕಾಗಿದ್ದ” ಎನ್ನುತ್ತಾರೆ.

ಅವರ ಕೈಕೆಳಗೆ ಅಮಾತೆಪ್ಪ ಕೆಲಸ ಬೇಗ ಕಲಿತ. ದೀಪಾವಳಿಯ ಹೊತ್ತಿಗೆ ತಾನೇ ಮೊಳೆ ಬಡಿಯತೊಡಗಿದ್ದ. ಒಂದು ಮುಂಜಾನೆ ಅವನು ಬಡಿದ ಮೊಳೆ ಗೊರಸು ದಾಟಿ ಹಸಿ ಮಾಂಸಕ್ಕೆ ನಾಟಿತು. ಎತ್ತು ಕುಂಟಿತು. ಬಂಡಿಯವನು, ನಿನ್ನನ್ನು ಕೋರ್ಟಿಗೆ ಎಳೆಯುತ್ತೇನೆ ಎಂದು ಅಮಾತೆಪ್ಪನ ಮೇಲೆ ಕೂಗಾಡಿದ. ಹುಸೇನಪೀರ ಮೊಳೆ ಕಿತ್ತು, ಅರಿಶಿನ ಎಣ್ಣೆ ತುಂಬಿ, ಬಟ್ಟೆ ಸುತ್ತಿ ತಲೆಯೆತ್ತುವಷ್ಟರಲ್ಲಿ ಅಮಾತೆಪ್ಪ ಅಲ್ಲಿರಲಿಲ್ಲ.

ಓಡಿಹೋದ ಎಂದು ಊರು ಮಾತಾಡಿತು. ಕೂಡಲೇ ವರದಿ ಕೊಡು, ಇಲ್ಲವಾದರೆ ಜಾಮೀನಿಗೆ ನಿನ್ನ ಮನೆಯೇ ಹೋಗುತ್ತದೆ ಎಂದು ಪೊಲೀಸಿನವನೊಬ್ಬ ಎಚ್ಚರಿಸಿದ. ಹುಸೇನಪೀರ ಐಹೊಳೆ ಕಡೆಯ ಬಂಡಿ ಹತ್ತಿದರು. ದಾರಿಯುದ್ದಕ್ಕೂ ಮನೆ ಹೋದರೆ ಅಲೀಮಾಳನ್ನು ಎಲ್ಲಿಡುವುದು ಎಂಬುದೊಂದೇ ಯೋಚನೆ. ಅಮಾತೆಪ್ಪ ತಾಯಿಯ ಗುಡಿಸಲ ಮುಂದೆಯೇ ಸಿಕ್ಕ. ಬಟ್ಟೆಯ ಗಂಟು ಕಟ್ಟಿಕೊಂಡು, ಪೊಲೀಸರ ದಾರಿ ಕಾಯುತ್ತ ಕೂತಿದ್ದ.

“ವರ್ಷದಾಗ ಒಂದೂ ತಪ್ಪ ಮಾಡಬಾರದಂತ ಬರಸಿಕೊಂಡಾರಲ್ಲ ಕಾಕಾ. ಇವತ್ತ ಮಾಡೇನಿ. ಜೇಲಿಗೆ ಹೋಗೂಕಿಂತ ಮೊದಲ ಅವ್ವನ್ನ ನೋಡಿ ಹೋಗೂಣಂತ ಬಂದ್ನಿ.”

ಹುಸೇನಪೀರರಿಗೆ ನಗು ಬಂತು. ಅವನ ಗಂಟನ್ನು ತಾವೇ ಎತ್ತಿಕೊಂಡರು. “ಮೊಳಿ ತಪ್ಪಿದ್ದು ಕಸಬಿನ ತಪ್ಪೋ ತಮ್ಮಾ, ತುಡುಗಲ್ಲ, ಕಳವಲ್ಲ. ಅದಕ್ಕ ನಾ ಬೈತೇನಿ, ಕೋರ್ಟಿಗೇನ ಕೆಲಸ?”

ಅಷ್ಟು ಹೇಳಿದರೂ ಅಮಾತೆಪ್ಪನ ಅಂಜಿಕೆ ಹೋಗಲಿಲ್ಲ. ಮರುದಿನ ಅವನನ್ನು ರಾಯರ ಮುಂದೆಯೇ ನಿಲ್ಲಿಸಿದರು. ರಾಯರು ಎಲ್ಲ ಕೇಳಿಕೊಂಡು, ಮುಚ್ಚಳಿಕೆಯ ಅರ್ಥವನ್ನು ಈ ಸಲ ಸಾವಕಾಶವಾಗಿ, ಆಡುಮಾತಿನಲ್ಲಿ ಬಿಡಿಸಿ ಹೇಳಿದರು. ಕರೆದಾಗ ಬರಬೇಕು, ಅಪರಾಧಕ್ಕೆ ಕೈ ಹಾಕಬಾರದು, ಅಷ್ಟೇ. ಅಂದಿನಿಂದ ಮುಚ್ಚಳಿಕೆ ಬರೆಸುವಾಗೆಲ್ಲ ಅವರು, ಏನು ತಿಳಿಯಿತು ಹೇಳು ನೋಡೋಣ ಎಂದು ಅಪರಾಧಿಯ ಬಾಯಿಂದಲೇ ಹೇಳಿಸುತ್ತಾರೆ. ಎತ್ತಿನ ಕಾಲೂ ಬೇಗನೆ ವಾಸಿಯಾಯಿತು.

ಆಮೇಲೆ ಹುಸೇನಪೀರ ಇನ್ನೂ ಮೂವರಿಗೆ ಜಾಮೀನು ನಿಂತಿದ್ದಾರೆ. ಒಬ್ಬ ಬಾದಾಮಿಯಲ್ಲಿ ಕಲ್ಲು ಒಡೆಯುತ್ತಾನೆ, ಒಬ್ಬ ಬನಶಂಕರಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬ ಈರಪ್ಪ. ಅವನು ಮತ್ತೆ ಕದ್ದು ಜೈಲು ಸೇರಿದ. ಜಾಮೀನಿನ ದಂಡ ತೆರಲು ಅಲೀಮಾ ಮೂಗುತಿ ಕೊಡಬೇಕಾಯಿತು. ಆ ಮಾತು ಬಂದರೆ ಹುಸೇನಪೀರ ಮುಚ್ಚಿಡುವುದಿಲ್ಲ. “ಅವನ ಲೆಕ್ಕ ನನಗ ಸಿಗಲಿಲ್ರಿ” ಎಂದು ಸುತ್ತಿಗೆ ಕೈಗೆತ್ತಿಕೊಳ್ಳುತ್ತಾರೆ.

ಅಮಾತೆಪ್ಪನ ಮುಚ್ಚಳಿಕೆಯ ವರ್ಷ ಮುಗಿದು ಈಗ ಎರಡು ವರ್ಷವಾಗಿದೆ. ಅವನು ಎಲ್ಲಿಗೂ ಹೋಗಿಲ್ಲ. ತಾಯಿಯನ್ನು ಹುನಗುಂದಕ್ಕೇ ಕರೆತಂದಿದ್ದಾನೆ. ಮಧ್ಯಾಹ್ನದ ರೊಟ್ಟಿ ಬುತ್ತಿ ಆಕೆಯ ಒಲೆಯಿಂದ ಇಬ್ಬರಿಗೂ ಬರುತ್ತದೆ. ಮೊನ್ನೆ ಕೋರ್ಟಿನಲ್ಲಿ ಯಾರಿದ್ದೀರಿ ಎಂದು ರಾಯರು ಕೇಳಿದಾಗ ಹುಸೇನಪೀರರಿಗಿಂತ ಮೊದಲು ಅಮಾತೆಪ್ಪನೇ ಎದ್ದುಬಿಟ್ಟನಂತೆ. ಸ್ವಂತ ಮನೆಯಾಗಲಿ ಜಾಗವಾಗಲಿ ಇಲ್ಲದವನ ಜಾಮೀನು ನಡೆಯದು ಎಂದು ಗುಮಾಸ್ತರು ಅವನನ್ನು ಕೂರಿಸಿದರು.

ನಿಮಗೇನು ಆಸೆ ಎಂದು ಕೇಳಿದರೆ ಹುಸೇನಪೀರ ಇಳಕಲ್ಲ ದಾರಿಯ ಕಡೆ ಕೈ ತೋರಿಸುತ್ತಾರೆ.

“ಅಲ್ಲಿ ಅವನ ಹೆಸರಿಲೆ ತಗಡಿಂದಾದ್ರೂ ಒಂದು ಅಂಗಡಿ ಆಗಬೇಕ್ರಿ. ಆಮ್ಯಾಲ ಕೋರ್ಟಿನ್ಯಾಗ ಅವನ್ನ ಯಾರೂ ಕುಂದ್ರಸೂದಿಲ್ಲ.”