ಗ್ಲ್ಯಾಡಿಸಳ ಎಡಗಣ್ಣು

ಗ್ಲ್ಯಾಡಿಸಳ ಜೊತೆ ಫೋಟೊ ತೆಗೆಯಲು ಹೋಗಿ ಬೈಸಿಕೊಳ್ಳದೆ ಮರಳಿದವರಿಲ್ಲ. ನಾನು ಹಿರಿಯಡ್ಕದ ರತ್ನಾವತಿ. ಕಾರ್ಕಳದ ಟೆಲಿಫೋನ್ ಕಚೇರಿಯಲ್ಲಿ ಬಹಳ ವರ್ಷ ಅವಳ ಪಕ್ಕದ ಮೇಜಿನಲ್ಲಿ ಕುಳಿತವಳು, ಹಾಗಾಗಿ ನನ್ನ ಪಾಲಿಗೆ ಬಂದ ಬೈಗುಳ ಸ್ವಲ್ಪ ಜಾಸ್ತಿಯೇ. ನಾವೆಲ್ಲ ನಿವೃತ್ತರಾಗಿ ಮಂಡಿನೋವಿನ ಎಣ್ಣೆ ಹುಡುಕುತ್ತಿದ್ದಾಗ, ಮದುವೆಯ ಗೋಜಿಗೇ ಹೋಗದ ಗ್ಲ್ಯಾಡಿಸ್ ಮಣಿಪಾಲಕ್ಕೆ ಹೋಗಿ ಕ್ಯಾಮೆರಾ ತಂದಳು. ಅದಕ್ಕೆ ಇದ್ದದ್ದು ಒಂದೇ ಲೆನ್ಸ್, ಅದೂ ಜೂಮ್ ಇಲ್ಲದ್ದು.

"ದೂರದ್ದು ತೆಗೆಯುವುದು ಹೇಗೆ?" ಎಂದು ಕೇಳಿದೆ.

"ಕಾಲು ಉಂಟಲ್ಲ ರತ್ನಕ್ಕ, ಹತ್ತಿರ ಹೋಗಿ" ಎಂದಳು.

ನನ್ನಲ್ಲೂ ಅಳಿಯ ಕೊಟ್ಟ ಒಂದು ಹಳೆಯ ಕ್ಯಾಮೆರಾ ಇತ್ತು. ಅದನ್ನು ನಾನು ಕಪಾಟಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆ ಹಾಕಿ ಜೋಪಾನವಾಗಿ ಇಟ್ಟಿದ್ದೆ. ನಮ್ಮ ಮನೆಗಳಲ್ಲಿ ಬೆಲೆಬಾಳುವ ವಸ್ತುವಿಗೆ ಅದೇ ಜಾಗ. ಮಳೆಗಾಲ ಮುಗಿಸಿ ಹೊರಗೆ ತೆಗೆದರೆ ಲೆನ್ಸಿನ ಒಳಗೆ ಬೂಷ್ಟು ಹಿಡಿದಿತ್ತು. ಗ್ಲ್ಯಾಡಿಸ್ ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಮಾನ ಹರಾಜು ಹಾಕಿದಳು.

"ಕ್ಯಾಮೆರಾ ಎಂತ ಧಾರೆ ಸೀರೆಯಾ, ವರ್ಷಕ್ಕೊಮ್ಮೆ ತೆಗೆಯಲಿಕ್ಕೆ? ಗಾಳಿಯಾಡದ ಡಬ್ಬ ತನ್ನಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಕೆಲಸ ಕೊಡಿ. ನಮ್ಮ ಕಡಲಬದಿಯ ಹವೆಗೆ ಸುಮ್ಮನೆ ಕೂತದ್ದೆಲ್ಲ ಹಾಳಾಗುತ್ತದೆ, ಮನುಷ್ಯರೂ ಅಷ್ಟೇ."

ಅಂದಿನಿಂದ ಭಾನುವಾರ ಅವಳ ಚರ್ಚು ಮುಗಿದ ಮೇಲೆ ನಾವಿಬ್ಬರೂ ಬಸ್ಸು ಹತ್ತುತ್ತಿದ್ದೆವು. ಕಾಪುವಿನ ಕಡಲಬಂಡೆಗಳ ಮೇಲೆ ಅವಳು ಸೆರಗು ಸಿಕ್ಕಿಸಿ ಏರುವುದನ್ನು ಕಂಡು ನಾನು ಕೆಳಗಿನಿಂದ ಜಾಗ್ರತೆ, ಜಾಗ್ರತೆ ಎಂದು ಕೂಗುತ್ತಿದ್ದೆ. ಮನೆಗೆ ಬಂದವಳೇ ಮೊದಲು ಕ್ಯಾಮೆರಾದ ಮೈಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸುವಳು, ಆಮೇಲೆ ಒಣಬಟ್ಟೆಯಿಂದ. ಕಡಲಿನ ಉಪ್ಪು ಒಣಬಟ್ಟೆಗೆ ಬಗ್ಗುವುದಿಲ್ಲ, ಗೀರು ಹಾಕುತ್ತದೆ. ಕ್ಯಾಮೆರಾದ ಶುಶ್ರೂಷೆ ಮುಗಿದ ಮೇಲೆಯೇ ನನಗೆ ಚಹಾ.

ಹೋದ ವರ್ಷ ಅವಳ ಬಲಗಣ್ಣಿನ ನಟ್ಟನಡುವೆ ಒಂದು ಕಪ್ಪು ಕಲೆ ಕುಳಿತುಕೊಂಡಿತು. ಯಾರ ಮುಖ ನೋಡಿದರೂ ಮೂಗಿನ ಜಾಗದಲ್ಲಿ ಕತ್ತಲೆ. ಮಣಿಪಾಲದ ಡಾಕ್ಟರು ಪರೀಕ್ಷೆ ಮಾಡಿ, ಹೋದ ನೋಟ ಮರಳುವುದಿಲ್ಲ, ಎಡಗಣ್ಣು ಸದ್ಯ ಚೆನ್ನಾಗಿದೆ, ಅದರ ಮೇಲೆ ನಿಗಾ ಇರಲಿ ಎಂದರು. ಫೋಟೊದ ಹುಚ್ಚನ್ನು ಇನ್ನು ಕಡಿಮೆ ಮಾಡಬಹುದು ಎಂದೂ ನಯವಾಗಿ ಸೇರಿಸಿದರು.

"ಫೋಟೊ ತೆಗೆಯುವವರೆಲ್ಲ ಒಂದು ಕಣ್ಣು ಮುಚ್ಚಿಯೇ ತೆಗೆಯುವುದು ಡಾಕ್ಟ್ರೇ" ಎಂದಳು ಗ್ಲ್ಯಾಡಿಸ್. "ನನಗೆ ಮುಚ್ಚುವ ಕಷ್ಟ ತಪ್ಪಿತು."

ಹೊರಗೆ ಬಂದ ಮೇಲೆ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಅತ್ತಳು. ನಾನು ಅವಳ ಬ್ಯಾಗು ಹಿಡಿದುಕೊಂಡು ಕುಳಿತೆ.

ಅಷ್ಟು ವರ್ಷ ಬಲಗಣ್ಣಲ್ಲಿ ನೋಡಿದವಳು ಎಡಗಣ್ಣಿಗೆ ಬರುವುದು ಸುಲಭವಲ್ಲ. ಕ್ಯಾಮೆರಾದ ಹಿಂಬದಿಗೆ ಮೂಗು ಒತ್ತುತ್ತದೆ, ಗುಂಡಿ ಒತ್ತಲು ಹೋದ ಹೆಬ್ಬೆರಳು ಕೆನ್ನೆಗೆ ತಾಗುತ್ತದೆ. ಎಡಗಣ್ಣಲ್ಲಿ ನೋಡಿದರೆ ಎಲ್ಲವೂ ಮಸುಕು ಎಂದು ಅವಳು ಗಾಬರಿಯಾದದ್ದೂ ಉಂಟು. ಆಮೇಲೆ ಕಣ್ಣಿಡುವ ಕಿಂಡಿಯಾದ ವ್ಯೂಫೈಂಡರಿನ ಪಕ್ಕದ ಪುಟ್ಟ ಚಕ್ರ ನೆನಪಾಯಿತು. ಅದು ಇರುವುದೇ ಕಣ್ಣಿಗೆ ತಕ್ಕಂತೆ ಹೊಂದಿಸಲು. ಬಿಳಿ ಗೋಡೆಗೆ ಕ್ಯಾಮೆರಾ ಹಿಡಿದು, ಗೋಡೆಯನ್ನು ನೋಡದೆ, ಕೆಳಗಡೆ ಹೊಳೆಯುವ ಅಂಕಿಗಳು ಸ್ಪಷ್ಟವಾಗುವವರೆಗೆ ಅದನ್ನು ತಿರುಗಿಸಿದಳು. ಇಡೀ ಮಳೆಗಾಲ ಕುಕ್ಕುಂದೂರಿನ ಅವಳ ಮನೆಯಂಗಳದ ಕೋಳಿಗಳ ಮೇಲೆ ಅಭ್ಯಾಸ ನಡೆಯಿತು. ಮೋಡದ ಬೆಳಕಿನಲ್ಲಿ ಕೋಳಿ ಅಲುಗಿದರೆ ಚಿತ್ರವೂ ಅಲುಗುತ್ತಿತ್ತು. "ಬೆಳಕು ಕಮ್ಮಿಯಾದರೆ ಐಎಸ್‌ಒ ಏರಿಸಿ, ಶಟರ್ ಜೋರು ಮಾಡಿ" ಎಂದು ನನಗೂ ಪಾಠ. "ಚುಕ್ಕಿ ಚುಕ್ಕಿ ಬಂದರೆ ಬರಲಿ, ತಡೆದುಕೊಳ್ಳಬಹುದು. ಅಲುಗಿದ ಫೋಟೊಕ್ಕೆ ಮದ್ದಿಲ್ಲ."

ಅಷ್ಟರಲ್ಲಿ ಅವಳ ಅಕ್ಕನ ಮಗಳು ಸೋನಿಯಾಳ ಮದುವೆ ನಿಶ್ಚಯವಾಯಿತು. ಅಕ್ಕ ಆನಿ, ಭಾವ ವ್ಯಾಲೆಂಟೈನ್ ಇರುವುದು ಕಟಪಾಡಿಯಲ್ಲಿ. ಮದುವೆಯ ಹಿಂದಿನ ದಿನ ಅವರಲ್ಲಿ ರೋಸ್ ಎಂಬ ಶಾಸ್ತ್ರ. ಮದುಮಗಳನ್ನು ಚಪ್ಪರದಲ್ಲಿ ಕೂರಿಸಿ ಮನೆಯವರು, ನೆಂಟರು ಒಬ್ಬೊಬ್ಬರಾಗಿ ಎಣ್ಣೆ ಹಚ್ಚಿ ತೆಂಗಿನಹಾಲು ಎರೆಯುತ್ತಾರೆ. ಆ ಫೋಟೊಗಳನ್ನು ತಾನೇ ತೆಗೆಯುವುದಾಗಿ ಗ್ಲ್ಯಾಡಿಸ್ ಸೋನಿಯಾಳಿಗೆ ಎಂದೋ ಹೇಳಿಯಾಗಿತ್ತು.

"ಅದೆಲ್ಲ ಬೇಡ" ಎಂದರು ವ್ಯಾಲೆಂಟೈನ್. "ಸ್ಟುಡಿಯೊದವರನ್ನೇ ಕರೆಯುವ."

"ಬಂಡೆ ಹತ್ತಿ ಬಿದ್ದರೆ ನಿನ್ನನ್ನು ಯಾರು ನೋಡುವುದು?" ಆನಿಯ ಚಿಂತೆ ಬೇರೆ. "ಒಂದು ಕಣ್ಣಿಟ್ಟುಕೊಂಡು ಎಂತ ಹಟ ನಿನ್ನದು? ಕ್ಯಾಮೆರಾ ಶೆಲ್ಡನ್‌ಗೆ ಕೊಟ್ಟು ಮನೆಯಲ್ಲಿ ಇರು." ಶೆಲ್ಡನ್ ಆನಿಯ ಮಗ.

ಗ್ಲ್ಯಾಡಿಸ್‌ಗೆ ಪಿತ್ತ ನೆತ್ತಿಗೇರಿತು. "ರೋಸ್ ನಾನೇ ತೆಗೆಯುವುದು. ಒಂದು ಫೋಟೊ ಹಾಳಾದರೂ ಕ್ಯಾಮೆರಾ ಅವತ್ತೇ ಶೆಲ್ಡನ್‌ಗೆ. ಮತ್ತೆ ಮುಟ್ಟುವುದಿಲ್ಲ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಆಡಿಯಾಗಿತ್ತು. ಕ್ಯಾಮೆರಾ ಹೋದರೆ ಇವಳ ಭಾನುವಾರಗಳು ಹೋದವು. ಕಾಪು ಹೋಯಿತು, ಬಸ್ಸು ಹೋಯಿತು. ಕುಕ್ಕುಂದೂರಿನ ಜಗಲಿಯಲ್ಲಿ ಕೂತು ಉಳಿದ ಕಣ್ಣು ಹೋಗುವುದನ್ನು ಕಾಯುವುದೊಂದೇ ಬಾಕಿ.

ರೋಸಿನ ದಿನ ಮಧ್ಯಾಹ್ನ ಶೆಲ್ಡನ್ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದೊಯ್ದ. ಏಪ್ರಿಲ್ ತಿಂಗಳ ಸೆಕೆ. ಹುಡುಗ ಎಸಿಯನ್ನು ಪೂರ್ತಿ ತಿರುಗಿಸಿದ್ದ. ಗ್ಲ್ಯಾಡಿಸ್ ಮುಂದಿನ ಸೀಟಿನಲ್ಲಿ ತಣ್ಣನೆ ಗಾಳಿ ಬರುವಲ್ಲೇ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ವ್ಯೂಫೈಂಡರಿನ ಚಕ್ರವನ್ನು ತಿರುವುತ್ತಾ ಇದ್ದಳು. ಕಟಪಾಡಿ ತಲುಪಿದಾಗ ಚಪ್ಪರದಲ್ಲಿ ಹಾಡು ಶುರುವಾಗಿತ್ತು. ಅವಳು ಕಾರಿನಿಂದ ಇಳಿದವಳೇ ಕ್ಯಾಮೆರಾವನ್ನು ಎಡಗಣ್ಣಿಗೆ ಏರಿಸಿದಳು.

ಏರಿಸಿದವಳು ಹಾಗೆಯೇ ನಿಂತಳು. ಕೈ ಕೆಳಗೆ ಇಳಿಯಲಿಲ್ಲ.

"ರತ್ನಕ್ಕ, ಪೂರಾ ಬಿಳಿ" ಎಂದಳು. ಅವಳ ಧ್ವನಿ ನನಗೆ ಮಾತ್ರ ಕೇಳುವಷ್ಟಿತ್ತು. "ಇದೂ ಹೋಯಿತು."

ಆನಿ ಚಪ್ಪರದಿಂದ ಇತ್ತಲೇ ನೋಡುತ್ತಿದ್ದಳು. ಗ್ಲ್ಯಾಡಿಸ್ ಎರಡೂ ಕಣ್ಣು ಮುಚ್ಚಿ ಕ್ಯಾಮೆರಾ ಇಳಿಸಿದಳು, ಆದರೆ ತೆರೆಯುವ ಧೈರ್ಯ ಅವಳಿಗೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡೇ, ಏನು ತೋಚಿತೋ, ಲೆನ್ಸಿನ ಮೇಲೆ ಬೆರಳಿಟ್ಟಳು. ಬೆರಳು ಒದ್ದೆಯಾಯಿತು. ಕಣ್ಣು ತೆರೆದಳು. ಎದುರಿಗೆ ಚಪ್ಪರ, ಅಬ್ಬಲಿಗೆ ಹೂವಿನ ಮಾಲೆ, ಎಲ್ಲವೂ ನಿಚ್ಚಳ. ಎಸಿಯಲ್ಲಿ ತಣ್ಣಗಾದ ಗಾಜು ನಮ್ಮ ಊರಿನ ಬೆವರುವ ಹವೆಗೆ ಬಂದು ಮಂಜು ಹಿಡಿದಿತ್ತು, ಅಷ್ಟೇ. ಕಾರಿನಲ್ಲಿ ಹೋಗುವಾಗ ಕ್ಯಾಮೆರಾ ಬ್ಯಾಗಿನೊಳಗೇ ಇರಲಿ, ಇಳಿದ ಮೇಲೂ ಸ್ವಲ್ಪ ಹೊತ್ತು ತೆರೆಯಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಇವಳೇ! ಅಲ್ಲೇ ನಿಂತು ತನಗೆ ತಾನೇ ಕೊಂಕಣಿಯಲ್ಲಿ ಬೈದುಕೊಂಡಳು. ನನ್ನ ಪಾಲಿನ ಬೈಗುಳ ಒಂದು ದಿನ ಅವಳಿಗೇ ಹೋದದ್ದು ನನಗೆ ಸಂತೋಷವೇ.

ನಾನು ಕರವಸ್ತ್ರ ಕೊಟ್ಟೆ. "ಒರೆಸಿದರೆ ಮತ್ತೆ ಹಿಡಿಯುತ್ತದೆ. ಗಾಜು ಬಿಸಿಯಾಗಬೇಕು" ಎಂದು ಬಿಸಿಲಿನಲ್ಲಿ ನಿಂತಳು.

"ಎಂತ ಗ್ಲ್ಯಾಡಿಸ್, ಕಾಣುವುದಿಲ್ಲವಾ?" ವ್ಯಾಲೆಂಟೈನ್ ಅವಸರದಿಂದ ಬಂದರು. "ಶುರು ಮಾಡಬೇಕು. ಹಿರಿಯರು ಕೂತಿದ್ದಾರೆ. ಶೆಲ್ಡನ್ ಮೊಬೈಲಿನಲ್ಲಿ ತೆಗೆಯಲಿ."

"ಕಾಣುತ್ತದೆ. ನಿಮ್ಮ ಅಂಗಿಯ ಗುಂಡಿ ತಪ್ಪಿದ್ದೂ ಕಾಣುತ್ತದೆ. ಗಾಜು ತಿಳಿಯಾಗುವವರೆಗೆ ಯಾರೂ ಹಾಲು ಮುಟ್ಟಬಾರದು" ಎಂದಳು, ಇಡೀ ಚಪ್ಪರಕ್ಕೆ ಕೇಳುವ ಹಾಗೆ.

ಕೆಲವರು ಮುಖ ಸಿಂಡರಿಸಿದರು. ಆಗ ಮಣೆಯ ಮೇಲೆ ಕುಳಿತಿದ್ದ ಸೋನಿಯಾ ಎದ್ದು ನಿಂತಳು. "ಮಾವ್ಶಿ ಹೇಳಿದ ಮೇಲೆ ಕೂರುತ್ತೇನೆ" ಎಂದಳು, ಚಿಕ್ಕಮ್ಮನ ಕಡೆ ತಿರುಗಿ. ಮದುಮಗಳೇ ನಿಂತರೆ ಹಾಲು ಎರೆಯುವುದು ಯಾರಿಗೆ? ಹಾಡುವವರು ಇನ್ನೊಂದು ಹಾಡು ಎತ್ತಿಕೊಂಡರು.

ಗಾಜು ತಿಳಿಯಾಯಿತು. ಗ್ಲ್ಯಾಡಿಸ್ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ಲೆನ್ಸಿಗೆ ಮಾತ್ರ ತೂತು ಬಿಟ್ಟು, ಹಾಲಿನ ಪಾತ್ರೆಯ ಪಕ್ಕಕ್ಕೇ ಹೋಗಿ ನಿಂತಳು. ಜೂಮ್ ಇಲ್ಲದ ಮೇಲೆ ದೂರ ನಿಂತು ಏನು ಮಾಡುವುದು? ಹಾಲು ಅವಳ ಕೂದಲಿಗೆ ಬಿತ್ತು, ಸೀರೆಗೆ ಬಿತ್ತು. ಹುಡುಗಿಯರು ಬೇಕೆಂದೇ ಅವಳ ಮೇಲೂ ಎರಚಿದರು. ಅವಳು ಕದಲಲಿಲ್ಲ.

ಸಂಜೆ ಎಲ್ಲರ ಸ್ನಾನ ಮುಗಿದ ಮೇಲೆ ಶೆಲ್ಡನ್ ಚಿತ್ರಗಳನ್ನು ಟಿವಿಗೆ ಹಾಕಿದ. ಸೋನಿಯಾಳ ರೆಪ್ಪೆಯ ಮೇಲೆ ನಿಂತ ಹಾಲಿನ ಹನಿ, ಅಜ್ಜಿಯೊಬ್ಬಳ ಬೊಚ್ಚುಬಾಯಿಯ ನಗು. ನೋಡಿದವರೆಲ್ಲ ಬಾಯಿ ತುಂಬ ಹೊಗಳಿದರು. ಆಮೇಲೆ ಆನಿ ಮಗಳ ತಲೆಗೆ ಹಾಲೆರೆಯುವ ಚಿತ್ರ ಬಂತು. ಅದು ಅಲುಗಿತ್ತು. ತಾಯಿ ಯಾರು, ಮಗಳು ಯಾರು ಎಂದು ತಿಳಿಯದಷ್ಟು.

"ಮುಖ್ಯವಾದದ್ದೇ ಹಾಳು. ಮಾತು ಕೊಟ್ಟಿದ್ದೆ ನೀನು" ಎಂದರು ವ್ಯಾಲೆಂಟೈನ್.

ಶೆಲ್ಡನ್ ನೆಲ ನೋಡಿದ. ಗ್ಲ್ಯಾಡಿಸ್ ಎದ್ದು ನಿಂತಳು.

"ಹೌದು, ಹಾಳಾಗಿದೆ. ಆದರೆ ಯಾಕೆ ಅಂತ ಕೇಳಿ. ಕಣ್ಣು ಕಾಣದೆ ಅಲ್ಲ. ಆನಿ ಅಳುವುದು ಕಂಡಿತು. ಬೆಳಿಗ್ಗೆಯಿಂದ ನಗುತ್ತಾ ಓಡಾಡಿದವಳು ಮಗಳ ತಲೆ ಮುಟ್ಟಿದ ಕೂಡಲೇ ಅತ್ತಳು. ನಿಮಗೆ ಯಾರಿಗೂ ಕಾಣಲಿಲ್ಲ, ನನಗೆ ಕಂಡಿತು. ಅದಕ್ಕೇ ಕೈ ನಡುಗಿದ್ದು. ಮಾತು ತಪ್ಪಿದಳು ಅಂತ ಇಡೀ ಕಟಪಾಡಿಗೆ ಹೇಳಿ. ಕ್ಯಾಮೆರಾ ಕೊಡುವುದಿಲ್ಲ."

ಆನಿ ಬಾಯಿಗೆ ಸೆರಗು ಒತ್ತಿಕೊಂಡಳು. ವ್ಯಾಲೆಂಟೈನ್ ಒಮ್ಮೆ ಹೆಂಡತಿಯ ಮುಖ ನೋಡಿ, ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಗ್ಲ್ಯಾಡಿಸ್ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೇ ಊಟಕ್ಕೆ ಕುಳಿತಳು. ಸಾರು ಬೀಳುತ್ತದೆ ಎಂದು ನಾನು ಹೇಳಿದರೂ ತೆಗೆಯಲಿಲ್ಲ.